ನಡೆಯದ ಹಬ್ಬದ ಕೊನೆಯ ಕಲಾವಿದ

ನನಗೆ ನಲವತ್ತೊಂದು ವರ್ಷ. ಹೆಸರು ಭೀಮೇಶ, ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಇದಿಷ್ಟು ಸರ್ವೀಸ್ ಬುಕ್ಕಿನಲ್ಲಿ ಇದೆ. ಅದರಲ್ಲಿ ಇಲ್ಲದ್ದೆಂದರೆ, ನಾನೊಬ್ಬ ಸ್ವತಂತ್ರ ಸಂಗೀತಗಾರ. ಯಾವ ಸಿನಿಮಾಕ್ಕೂ ಕಂಪನಿಗೂ ಸೇರದೆ, ತಾನೇ ಬರೆದು ತಾನೇ ಹಾಡುವುದಕ್ಕೆ ಸ್ವತಂತ್ರ ಸಂಗೀತ ಅನ್ನುತ್ತಾರೆ. ನನ್ನ ಸಂಗೀತ ಕೇಳುಗರಿಂದಲೂ ಸ್ವತಂತ್ರವಾಗಿದೆ. ಗಿಟಾರಿನಲ್ಲಿ ನಾಲ್ಕು ಕಾರ್ಡ್, ಅಂದರೆ ಸ್ವರಗಳ ಗೊಂಚಲು, ಬರುತ್ತವೆ, ಐದನೆಯದಕ್ಕೆ ಬೆರಳು ಒಪ್ಪುವುದಿಲ್ಲ. ನಾನು ತಂತಿ ಮುಟ್ಟಿದ ಕೂಡಲೇ ಹೆಂಡತಿ ಸುರೇಖಾ ಅಡುಗೆಮನೆಯಲ್ಲಿ ಮಿಕ್ಸರ್ ಹಚ್ಚುತ್ತಾಳೆ. ರುಬ್ಬಲು ಏನೂ ಇಲ್ಲದಾಗಲೂ ಹಚ್ಚುತ್ತಾಳೆಂದು ನನ್ನ ಗುಮಾನಿ.

ಇಂಥ ನಾನು ಕಳೆದ ವರ್ಷ ಮಸ್ಕಿಯಲ್ಲಿ ಸ್ವತಂತ್ರ ಸಂಗೀತದ ಹಬ್ಬ ಮಾಡಲು ಹೊರಟೆ. ಜೊತೆಗಾರ ಇಶ್ತಿಯಾಕ್, ಸಿಂಧನೂರಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟವನು, ಬಿಡುವಿದ್ದಾಗ ಕೀಬೋರ್ಡ್ ನುಡಿಸುವವನು. ದೊಡ್ಡ ಊರಿನವರು ಬಯಲಲ್ಲಿ ಇಂಥ ಹಬ್ಬ ಮಾಡುತ್ತಾರೆ, ನಮಗೇನು ಬಯಲಿಗೆ ಬರವೇ ಎಂದುಕೊಂಡೆವು. ಅಮರಗುಂಡಪ್ಪ ಎಂಬ ಜಮೀನುದಾರರು ರಸ್ತೆಗೆ ಹತ್ತಿದ ಎರಡೆಕರೆ ಖಾಲಿ ಹೊಲ ಕೊಡಲು ಒಪ್ಪಿದರು. ಹಬ್ಬಕ್ಕೆ ಐದು ದಿನ ಇದೆ ಎನ್ನುವಾಗ ಕಾಲುವೆಗೆ ನೀರು ಬಂತು. ನಾವು ಹೋಗಿ ನೋಡಿದರೆ ವೇದಿಕೆಗೆಂದು ನೆಟ್ಟ ನಾಲ್ಕು ಗೂಟಗಳು ಕೆಸರಲ್ಲಿ ನಿಂತಿವೆ, ಸುತ್ತ ಹೆಣ್ಣಾಳುಗಳು ಭತ್ತದ ಸಸಿ ಹಚ್ಚುತ್ತಿದ್ದಾರೆ. ಅವರಲ್ಲೊಬ್ಬಳು ಹಾಡುತ್ತಲೂ ಇದ್ದಳು, ನನಗಿಂತ ಎಷ್ಟೋ ಚೆನ್ನಾಗಿ. ಜಗಳ ತೆಗೆಯದೆ ವಾಪಸ್ ಬಂದೆವು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಂದಾಗ ಗಿಟಾರು ಕೇಳುತ್ತ ಕೂರುವ ರೈತ ಇನ್ನೂ ಹುಟ್ಟಿಲ್ಲ.

ಹಬ್ಬ ರದ್ದಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗಂತೂ ನೆಲವೇ ಇಲ್ಲದಂತಾಗಿ ಅವಳಿಗಿಂತ ಒಳ್ಳೆಯ ನೆವ ಸಿಕ್ಕಿತು. ಆದರೂ ಹುಮ್ಮಸ್ಸು ಇಳಿಯಲಿಲ್ಲ. ಹಬ್ಬ ನಡೆದಿದ್ದರೆ, ಯಾರನ್ನು ಬೇಕಾದರೂ ಕರೆಸುವ ತಾಕತ್ತು ನಮಗಿದ್ದಿದ್ದರೆ, ಯಾರ್ಯಾರು ಹಾಡಬೇಕಿತ್ತು? ವಾಟ್ಸಾಪ್ ಗುಂಪಿನಲ್ಲಿ ಒಂದು ಕನಸಿನ ಪಟ್ಟಿ ಶುರುವಾಯಿತು. ಬರೆಯುವ ಕೆಲಸ ಗುಮಾಸ್ತನಾದ ನನಗೇ ಬಂತು.

ಮೊದಲು ನನ್ನ ಹೆಸರನ್ನು ಮಧ್ಯಾಹ್ನ ನಾಲ್ಕಕ್ಕೆ ಹಾಕಿಕೊಂಡೆ. ಆಗ ಬಿಸಿಲು, ಜನ ಬರುವುದಿಲ್ಲವೆಂದು ಆರಕ್ಕೆ ತಂದೆ. ಶನಿವಾರದ ಹೊತ್ತಿಗೆ ಏಳೂವರೆಗೆ ಬಂದು ಮುಟ್ಟಿದ್ದೆ. ಕನಸಿನಲ್ಲೂ ಬಡ್ತಿ ಬಿಡದ ನೌಕರ ನಾನು. ಇಂಥ ಹಬ್ಬಗಳಲ್ಲಿ ಎಲ್ಲರಿಗಿಂತ ದೊಡ್ಡ ಕಲಾವಿದ ಕೊನೆಗೆ ಬರುತ್ತಾನೆ. ಆ ಒಂಬತ್ತು ಗಂಟೆಯ ಜಾಗಕ್ಕೂ ನನ್ನ ಹೆಸರು ಬರೆದು ನೋಡಿದೆ, ಸ್ವತಃ ನನಗೇ ನಾಚಿಕೆಯಾಯಿತು. ಅಳಿಸಿ ಹೀಗೆ ಬರೆದೆ: ಹಲಗಿ ಬಸ್ಸಪ್ಪ, ಸಂತೆಕಲ್ಲೂರು.

ಬಸ್ಸಪ್ಪ ನನ್ನ ಅಪ್ಪ. ನನಗೆ ಹತ್ತು ವರ್ಷ ಆಗುವವರೆಗೆ ಅವನು ಊರಲ್ಲಿ ಹಲಗಿ ಬಾರಿಸುತ್ತಿದ್ದ. ರವದಿಯ, ಅಂದರೆ ಒಣಗರಿಯ, ಬೆಂಕಿಗೆ ಹಿಡಿದು ತೊಗಲು ಬಿಗಿ ಮಾಡಿ, ಒಮ್ಮೆ ತಟ್ಟಿ ಕೇಳಿ, ಆಮೇಲೆ ಶುರು ಮಾಡಿದನೆಂದರೆ ನಿಂತವರ ಕಾಲು ತಾವಾಗಿಯೇ ಏಳುತ್ತಿದ್ದವು. ಫೋನಿನಲ್ಲಿ ಜಗತ್ತಿನ ಸಂಗೀತವನ್ನೆಲ್ಲ ಕೇಳಿದ್ದೇನೆ, ಅಂಥದ್ದು ಮತ್ತೆ ಕೇಳಿಲ್ಲ. ಇದನ್ನು ಮಾತ್ರ ತಮಾಷೆಗೆ ಹೇಳುತ್ತಿಲ್ಲ.

ಆದರೆ ಹಲಗಿ ಅವನು ಆರಿಸಿಕೊಂಡದ್ದಲ್ಲ. ಊರಲ್ಲಿ ಮದುವೆಯಾಗಲಿ, ಸಾವಾಗಲಿ, ಡಂಗುರವಾಗಲಿ, ನಮ್ಮ ಕೇರಿಯವರೇ ಬಾರಿಸಬೇಕೆಂದು ಕಟ್ಟಳೆ ಇತ್ತು. ದೊಡ್ಡ ಮನೆಯಿಂದ ಹೇಳಿ ಕಳಿಸುತ್ತಿದ್ದರು, ಹೋಗಬೇಕಿತ್ತು. ಜ್ವರವಿದ್ದರೂ ಹೋಗಬೇಕಿತ್ತು. ಬಾರಿಸಿ ಅಂಗಳದಾಚೆ ನಿಂತರೆ ಉಡಿಗೆ ಜೋಳ ಸುರಿಯುತ್ತಿದ್ದರು. ನಮ್ಮ ಮನೆಯವರು ಬುದ್ಧನ ದಾರಿ ಹಿಡಿದ ವರ್ಷ ಅಪ್ಪ ತೊಗಲು ಕುಯ್ದು ಹಲಗಿಯ ಚೌಕಟ್ಟನ್ನು ಒಲೆಗೆ ಹಾಕಿದ. ಆಮೇಲೆ ಹಾಸ್ಟೆಲಿನಲ್ಲಿ ಅಡುಗೆಯವನಾಗಿ ಸೇರಿ, ನನ್ನನ್ನು ಓದಿಸಿ, ನಿವೃತ್ತನಾಗಿ, ಈಗ ಲಿಂಗಸುಗೂರಿನಲ್ಲಿ ನಮ್ಮ ಜೊತೆಗೇ ಇದ್ದಾನೆ. ಇದೆಲ್ಲ ನನಗೆ ಗೊತ್ತಿತ್ತು. ಇಲಾಖಾ ಪರೀಕ್ಷೆಯ ಉತ್ತರ ಗೊತ್ತಿರುತ್ತದಲ್ಲ, ಹಾಗೆ ಗೊತ್ತಿತ್ತು.

ಇಶ್ತಿಯಾಕ್ ಪಟ್ಟಿಯನ್ನು ಬಣ್ಣದ ಪೋಸ್ಟರ್ ಮಾಡಿದ. ಅಪ್ಪನ ನಿವೃತ್ತಿ ದಿನದ ಫೋಟೋವನ್ನು ನಾನೇ ಕೊಟ್ಟಿದ್ದೆ. ಕೋಟು ಹಾಗೇ ಉಳಿಸಿ, ಕೊರಳಿನ ಹೂವಿನ ಹಾರ ತೆಗೆದು, ಅಲ್ಲಿ ಒಂದು ಹಲಗಿ ತೂಗುಹಾಕಿದ. ಕೆಲಸ ಬಹಳ ನಾಜೂಕಾಗಿತ್ತು, ಹಲಗಿಯ ನೆರಳು ಕೂಡ ಕೋಟಿನ ಮೇಲೆ ಸರಿಯಾಗಿ ಬಿದ್ದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಇದು ಕಾಲ್ಪನಿಕ' ಎಂದು ಹಾಕಿ, ಶನಿವಾರ ರಾತ್ರಿಯೇ ವಾಟ್ಸಾಪಿನಲ್ಲಿ ಹಂಚಿದೆವು. ನಮ್ಮ ಕಡೆ ಪೋಸ್ಟರಿನಲ್ಲಿ ಜನ ಯಾರ ಮುಖ ಇದೆ ಅಂತ ನೋಡುತ್ತಾರೆ, ಕೆಳಗಿನ ಅಕ್ಷರ ಓದುವವರಿಲ್ಲ. ಹುಟ್ಟುಹಬ್ಬ, ತಿಥಿ, ಚುನಾವಣೆ ಎಲ್ಲವನ್ನೂ ಹೀಗೇ ತಿಳಿದುಕೊಳ್ಳುವ ಊರುಗಳಿವು. ಫ್ಲೆಕ್ಸ್ ಅಂಗಡಿಯವನಿಗೆ ಇದು ಗೊತ್ತಿರಬೇಕಿತ್ತು, ನನಗೂ ಗೊತ್ತಿರಬೇಕಿತ್ತು.

ಭಾನುವಾರ ಬೆಳಿಗ್ಗೆ ಸಂತೆಕಲ್ಲೂರಿನ ದೊಡ್ಡ ಮನೆಯ ಗುರುಬಸವ ನಮ್ಮ ಬಾಗಿಲಿಗೆ ಬಂದ. ಪೋಸ್ಟರ್ ನೋಡಿ ನನ್ನನ್ನು ಹೊಗಳಲು ಬಂದಿದ್ದಾನೆಂದು ಭಾವಿಸಿ ಕುರ್ಚಿ ತಂದು ಹಾಕಿದೆ. ಅವನು ಕೂರಲಿಲ್ಲ. ಪೇಪರ್ ಓದುತ್ತಿದ್ದ ಅಪ್ಪನ ಮುಂದೆ ನಿಂತು, ತುಂಬ ಮರ್ಯಾದೆಯಿಂದ ಮಾತಾಡಿದ.

"ಬಸ್ಸಪ್ಪನವರ, ನಮ್ಮ ಮುತ್ಯಾ ತೀರಿಕೊಂಡಾನ್ರಿ. ನೀವು ಮತ್ತ ಹಲಗಿ ಸುರು ಮಾಡಿದ್ದು ಫೋನಿನ್ಯಾಗ ನೋಡಿದ್ವಿ. ಗಾಡಿ ತಂದೀನಿ, ನಡೀರಿ."

ಅಪ್ಪ ಅವನ ಫೋನು ಇಸಿದುಕೊಂಡು ಪೋಸ್ಟರ್ ನೋಡಿದ. ತನ್ನ ಕೋಟು, ಅದರ ಮೇಲಿನ ಹಲಗಿ, ಎರಡನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಫೋನು ವಾಪಸ್ ಕೊಟ್ಟು, ತಾನು ಏನೂ ಶುರು ಮಾಡಿಲ್ಲವೆಂದೂ, ಹುಡುಗ ತಪ್ಪು ಮಾಡಿದ್ದಾನೆಂದೂ, ಅಜ್ಜ ಹೋದದ್ದು ಕೇಳಿ ಕೆಟ್ಟೆನಿಸಿತೆಂದೂ ಹೇಳಿದ. ತಲೆ ಅರ್ಧ ಬೆಳ್ಳಗಾದ ಆ ಹುಡುಗ, ನಾನು, ಪಕ್ಕದಲ್ಲೇ ನಿಂತಿದ್ದೆ. ಗುರುಬಸವ ಕೆಟ್ಟವನಲ್ಲ, ಮುಖ ಕೆಂಪಾಗಿ ಕೈಮುಗಿದು ಹೋದ.

ನಾನು ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಸುಮ್ಮನಿರದೆ ಅಪ್ಪನಿಗೇ ಭಾಷಣ ಹೊಡೆದೆ. ಊರ ಬಿಟ್ಟಿ ಕೆಲಸ ಬೇರೆ, ವೇದಿಕೆ ಬೇರೆ, ದೀಪದ ಬೆಳಕಲ್ಲಿ ಸಾವಿರ ಜನ ಎದ್ದು ಚಪ್ಪಾಳೆ ತಟ್ಟುವುದು ಬೇರೆ, ಇದು ಕಲೆಗೆ ಕೊಡುವ ಗೌರವ ಅಂದೆ. ಅಪ್ಪ ಪೂರ್ತಿ ಕೇಳಿದ.

"ನಾ ಛಲೋ ಬಾರಸ್ತಿದ್ದೆ. ಅದು ನನಗೂ ಗೊತ್ತೈತಿ," ಅಂದ. "ಕೆಟ್ಟ ಬಾರಸ್ತಿದ್ದರ ಬಿಡಾಕ ಏನು ತ್ರಾಸ ಇತ್ತು? ನೀ ಇವತ್ತ ಗಿಟಾರು ಬಿಟ್ಟರ ಯಾರಿಗೂ ತ್ರಾಸಿಲ್ಲ."

ಒಳಗೆ ಸುರೇಖಾ ನಕ್ಕಳು. ನಾನೂ ನಗುತ್ತಿದ್ದೆನೇನೋ, ಆದರೆ ಅಪ್ಪ ನಗುತ್ತಿರಲಿಲ್ಲ.

"ಕೊರಳಾಗಿಂದ ತೆಗದು ಮೂವತ್ತು ವರ್ಷ ಆತು ಭೀಮಾ. ನೀ ಒಂದು ಮಾತು ಕೇಳದ ಮತ್ತ ಹಾಕಿದಿ."

ಪೋಸ್ಟರ್ ಅಳಿಸಿದೆ. ಇಶ್ತಿಯಾಕ್‌ಗೆ ಫೋನು ಮಾಡಿ ಅವನೂ ಅಳಿಸುವಂತೆ ಮಾಡಿದೆ. ಊರೂರಿಗೆ ಹೋದದ್ದನ್ನು ಅಳಿಸುವ ದಾರಿ ಇರಲಿಲ್ಲ. ದೊಡ್ಡ ಮನೆಯವರು ಹೇಳಿ ಕಳಿಸುತ್ತಿದ್ದರು, ಬರುತ್ತೀಯಾ ಎಂದು ಕೇಳುತ್ತಿರಲಿಲ್ಲ, ಒಲ್ಲೆ ಅನ್ನಲು ಜಾಗವೇ ಇರಲಿಲ್ಲ. ನಾನು ಮಾಡಿದ್ದೂ ಅದನ್ನೇ, ಒಳ್ಳೆಯ ಫೋಟೋ ಇಟ್ಟು ಮಾಡಿದ್ದೆ ಅಷ್ಟೆ. ಅಳು ಬಂತು, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಚಹಾದ ಹೊತ್ತಿಗೆ ಅಪ್ಪನ ಎದುರು ನೆಲದ ಮೇಲೆ ಕೂತೆ. ಹಬ್ಬವಿಲ್ಲ, ಹೊಲವಿಲ್ಲ, ವೇದಿಕೆಯಿಲ್ಲ. ಆದರೂ ಮೊದಲೇ ಕೇಳಬೇಕಾಗಿದ್ದನ್ನು ಕೇಳಿದೆ.

"ಯಪ್ಪಾ, ನಾವು ಒಂದು ಹಬ್ಬ ಮಾಡಬೇಕಂತೀವಿ. ನೀ ಬಂದು ಹಲಗಿ ಬಾರಸ್ತೀ ಏನು?"

ಅಪ್ಪ ಪೇಪರ್ ಮಡಚಿಟ್ಟ. ನಿಜವಾದ ಆಮಂತ್ರಣ ಬಂದವನಂತೆ ಸ್ವಲ್ಪ ಹೊತ್ತು ಯೋಚಿಸಿದ.

"ಒಲ್ಲೆ," ಅಂದ.

ಆಗಲಿ ಎಂದು ನಾನು ಏಳುತ್ತಿದ್ದೆ. ಅವನು ಕೈ ಹಿಡಿದು ಕೂರಿಸಿದ.

"ಇನ್ನೊಮ್ಮೆ ಕೇಳು," ಅಂದ.

ಕೇಳಿದೆ. ಈ ಸಲ ನಗುತ್ತಾ ಒಲ್ಲೆ ಅಂದ.