ಬಚ್ಚಲ ಗೋಡೆಯ ಕುಂಬಾರ ಹುಳ

ನನಗಾಗ ಐವತ್ತು ದಾಟಿತ್ತು. ಅದಾಗಿ ಮೂವತ್ತು ವರ್ಷದ ಮೇಲಾಯಿತು. ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿ. ಗಾಳಿ ತಿರುಗಿದರೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಕೂತವರಿಗೂ ಸೀನು ಬರುತ್ತಿತ್ತು.

ಸೊಸೆಗೆ ಎರಡು ಸಲ ಬಸಿರು ಇಳಿದುಹೋಗಿತ್ತು. ಮೂರನೆಯದಕ್ಕೆ ಎಂಟು ತಿಂಗಳು ನಡೆಯುತ್ತಿದ್ದಾಗ ಬಚ್ಚಲ ಗೋಡೆಗೆ ಕುಂಬಾರ ಹುಳ ಬಂದು ಮಣ್ಣಿನ ಗೂಡು ಕಟ್ಟತೊಡಗಿತು. ಮನೆಯಲ್ಲಿ ಬಸುರಿ ಇದ್ದರೆ ಆ ಗೂಡನ್ನು ನಮ್ಮಲ್ಲಿ ಯಾರೂ ಕೆಡವುವುದಿಲ್ಲ. ಗೂಡು ಗಟ್ಟಿ ಇದ್ದರೆ ಕೂಸೂ ಗಟ್ಟಿ ಎನ್ನುತ್ತಾರೆ.

"ಗೂಡು ಉದ್ದಕೈತಿ, ಗಂಡುಮಗಾನ ಹುಟ್ಟತಾನ ನೋಡಕ್ಕಾ. ಪೇಢೆ ತರಸು," ಎಂದಳು ಪಕ್ಕದ ಮನೆಯವಳು.

"ನಿನಗ ಪೇಢೆ ತಿನ್ನೂ ಆಸೆ ಆಗಿದ್ರ ಹಂಗ ಹೇಳು. ಹುಳದ ಹೆಸರ್ಯಾಕ ತಗೀತಿ?" ಎಂದೆ.

ಅಂದರೂ ನಾನೂ ನೋಡುತ್ತಿದ್ದೆ. ಹುಳ ಮೋರಿಯ ಹಸಿಮಣ್ಣನ್ನು ಉಂಡೆ ಮಾಡಿ ತರುತ್ತಿತ್ತು. ಆಮೇಲೆ ಹೀರೆಬಳ್ಳಿಗೆ ಹೋಗಿ, ಬಲೆಯಲ್ಲಿ ಕೂತ ಜೇಡವನ್ನು ಚುಚ್ಚಿ, ಅದು ಕಾಲು ಮುದುಡಿದ ಮೇಲೆ ಎತ್ತಿಕೊಂಡು ಬಂದು ಗೂಡಿಗೆ ತುರುಕುತ್ತಿತ್ತು. ತುಂಬಿದ ಮೇಲೆ ಬಾಯಿಗೆ ಮಣ್ಣು ಮೆತ್ತಿತು. ಸೊಸೆ ದಿನಾ ಎದ್ದವಳೇ ಮುಖ ತೊಳೆಯುವ ಮೊದಲು ಆ ಗೂಡು ನೋಡುತ್ತಿದ್ದಳು.

ಒಂದು ಸಂಜೆ ಅವಳೇ ಕೊಡ ಎತ್ತುವಾಗ ಅಂಚು ತಾಗಿ ಗೂಡು ಬಿದ್ದು ಒಡೆಯಿತು. ಒಳಗೆ ಜೇಡಗಳು ಒತ್ತೊತ್ತಾಗಿ ಬಿದ್ದಿದ್ದವು. ಸತ್ತಿವೆ ಅಂದುಕೊಂಡು ಕಸಬರಿಗೆ ಕಡ್ಡಿಯಿಂದ ಮುಟ್ಟಿದೆ. ಒಂದರ ಕಾಲು ಅದುರಿತು. ಜೀವ ಇತ್ತು, ಓಡುವ ತ್ರಾಣ ಇರಲಿಲ್ಲ. ಇನ್ನೊಂದರ ಹೊಟ್ಟೆಗೆ ಬಿಳಿ ಮರಿಹುಳ ಬಾಯಿ ಹಚ್ಚಿತ್ತು.

ಸೊಸೆ ಕೊಡ ಕೆಳಗಿಟ್ಟಳು. "ಅತ್ತೀ, ನಿನ್ನೆಯಿಂದ ಕೂಸು ಹೊಳ್ಳಾಡಿಲ್ರೀ."

"ನಿನ್ನೇನ ಯಾಕ ಹೇಳಲಿಲ್ಲ?"

"ಗೂಡು ನೆಟ್ಟಗಿತ್ತಲ್ರೀ."

ಕೈಹಿಡಿದು ಅವಳನ್ನು ಒಳಗೆ ಕರೆದುಕೊಂಡು ಹೋದೆ.

ಗೂಡು ಒಡೆದದ್ದು ತಿಳಿದು ಪಕ್ಕದವಳು ಕೆಸರು ಕಲಸಿಕೊಂಡು ಬಂದಳು. "ತಿರುಗಿ ಮೆತ್ತಿಬಿಡೂಣು. ನಾಳಿ ಅಮಾಸಿ, ಇಕಿನ್ನ ಹೊರಗ ಕರಕೊಂಡ ಹೋಗಬ್ಯಾಡ."

"ನಿನ್ನ ಅಮಾಸಿ ನಿಮ್ಮನ್ಯಾಗ ಇಟಗೋ," ಎಂದೆ.

ಪೇಟೆಯ ಹಮಾಲಿ ಕೆಲಸ ಮುಗಿಸಿ ಬಂದ ಮಗನೂ "ಎರಡ ದಿನಾ ನೋಡೂಣು" ಎಂದ. ಹೆರಿಗೆಯ ಡಾಕ್ಟರಮ್ಮ ಇದ್ದದ್ದು ರಾಣೆಬೆನ್ನೂರಿನಲ್ಲಿ. ಅವತ್ತಿನ ಕಡೆಯ ಬಸ್ಸು ಹೋಗಿಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಸೊಸೆಯನ್ನು ಹತ್ತಿಸಿಕೊಂಡು ಹೋದೆ. ಡಾಕ್ಟರಮ್ಮ ಹೊಟ್ಟೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದಳು.

"ಕೂಸಿನ ಎದಿ ಬಡೀಲಿಕ್ಕತ್ತದ, ಆದ್ರ ಭಾಳ ಮೆತ್ತಗ. ಈಗಿಂದೀಗ ಕೊಯ್ದು ತಗೀಬೇಕು. ಸಹಿ ಮಾಡ್ಲಿಕ್ಕೆ ಗಂಡ ಎಲ್ಲಿ?"

"ಪೇಟ್ಯಾಗ ಚೀಲಾ ಹೊರಾಕತ್ತಾನ್ರೀ. ಅವನ ದಾರಿ ಕಾಯಬ್ಯಾಡ್ರಿ, ಕೊಯ್ರಿ," ಎಂದೆ.