ಕಂಠಪ್ಪ ಹೇಳಿದ ಒಂದು ಸುಳ್ಳು

ರಾವಂದೂರಿನ ಕಂಠಪ್ಪ ಊರಿಗೆ ನೆನಪಾಗುವುದು ಏನಾದರೂ ಕಳೆದಾಗ ಮಾತ್ರ. ಹೆಂಡತಿ ತೀರಿಕೊಂಡ ವರ್ಷ ಅವನು ಮೈಸೂರಿನಿಂದ ಹಳೆಯದೊಂದು ಮೆಟಲ್ ಡಿಟೆಕ್ಟರ್ ತಂದ. ‘ನಿಧಿ ಹುಡುಕ್ತಾನಂತೆ’ ಎಂದು ಆಡಿಕೊಂಡವರೇ ಓಲೆ, ಉಂಗುರ ಕಳೆದಾಗ ಅವನ ಬಾಗಿಲು ತಟ್ಟಿದರು. ವಸ್ತು ಸಿಕ್ಕ ಮೇಲೆ ಯಾರೂ ಅತ್ತ ತಲೆ ಹಾಕಿಯೂ ಮಲಗಲಿಲ್ಲ. ನಾನೂ ಅವರಲ್ಲೊಬ್ಬ, ಸುಳ್ಳೇಕೆ ಹೇಳಲಿ.

ಈ ಮೇ ತಿಂಗಳಲ್ಲಿ ಹೊಗೆಸೊಪ್ಪಿನ ಸಸಿ ನೆಡುವಾಗ ನಮ್ಮ ಪಕ್ಕದ ಮನೆಯ ಮಂಗಳಮ್ಮನವರ ಶಿವದಾರ ಹರಿದು, ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ಹೊಲದಲ್ಲೆಲ್ಲೋ ಬಿದ್ದುಹೋಯಿತು. ಕೊರಳಿನ ಲಿಂಗ ಕಳೆದರೆ ಸಿಗುವ ತನಕ ಹನಿ ನೀರೂ ಮುಟ್ಟದ ನೇಮ ಅವರದು. ಅರವತ್ತು ದಾಟಿದ ಹೆಂಗಸು ರಾತ್ರಿಯೆಲ್ಲ ಹಾಗೇ ಇದ್ದು, ಬೆಳಿಗ್ಗೆ ಬದುವಿನ ಮೇಲೆ ಬಂದು ಕೂತರು.

ಕಂಠಪ್ಪನ ಯಂತ್ರ ಹೆಜ್ಜೆಗೊಮ್ಮೆ ಕಿರುಚಿತು. ಪಂಪ್‌ಸೆಟ್ ಆಫ್ ಮಾಡಿಸಿದ. ನಮ್ಮೆಲ್ಲರ ಮೊಬೈಲ್ ದೂರ ಇಡಿಸಿದ. ಆದರೂ ಅವನು ಬಗ್ಗಿದಾಗಲೆಲ್ಲ ಕೂಗು! ನೋಡಿದರೆ ಅವನದೇ ಕೊರಳಿನ ಕರಡಿಗೆ ಜೋತುಬಿದ್ದು ಯಂತ್ರದ ತಟ್ಟೆಯ ಹತ್ತಿರ ಬರುತ್ತಿತ್ತು. ಅದನ್ನು ಕಳಚುವಂತಿಲ್ಲ, ಶಿವದಾರ ಗಿಡ್ಡ ಮಾಡಿ ಗಂಟಲ ಬುಡಕ್ಕೇ ಕಟ್ಟಿಕೊಂಡ.

“ಒಂದ್ ಕಡೆಯಿಂದ ಬೀಸಿದ್ರೆ ಕೂಗಿ, ಇನ್ನೊಂದ್ ಕಡೆಯಿಂದ ಸುಮ್ಕಾದ್ರೆ ಅದು ಸುಳ್ಳು ಕಣ್ಲಾ. ಎಲ್ಡೂ ಕಡೆ ಕೂಗ್ಬೇಕು,” ಎಂದು ನನಗೆ ಪಾಠ ಮಾಡಿದ. ಎಷ್ಟು ಖುಷಿಯಾಗಿದ್ದ! ‘ಕಂಠಪ್ಪಣ್ಣ, ಕಂಠಪ್ಪಣ್ಣ’ ಎನ್ನುತ್ತಾ ಹತ್ತು ಜನ ಅವನ ಬೆನ್ನಿಗಿದ್ದೆವು.

ಮಧ್ಯಾಹ್ನ ಒಂದು ಸಾಲಿನಲ್ಲಿ ಯಂತ್ರ ತೆಳ್ಳಗೆ ಕೂಗಿತು. ಮತ್ತೊಂದು ಕಡೆಯಿಂದ ಬೀಸಿದ, ಆಗಲೂ ಕೂಗಿತು. “ಗುಟ್ಕಾ ಚೀಟಿ ಕಣ, ಬುಡಿ,” ಎಂದು ಮುಂದೆ ನಡೆದ.

“ಸಿಕ್ಬುಟ್ರೆ ಎಲ್ರೂ ಎದ್ದೋಯ್ತೀರಲ್ಲ ಅನ್ನಿಸ್ತು ಕಣ್ಲಾ,” ಎಂದು ಆಮೇಲೊಂದು ದಿನ ನನ್ನ ಹತ್ತಿರ ಒಪ್ಪಿಕೊಂಡ.

ಆವತ್ತು ಅರ್ಧ ಗಂಟೆ ಖಾಲಿ ಸಾಲುಗಳಲ್ಲಿ ಅಲೆದ. ಅಷ್ಟರಲ್ಲಿ ಮಂಗಳಮ್ಮ ಕೂತಲ್ಲೇ ಕಣ್ಣು ಮುಚ್ಚಿ ವಾಲಿದರು. ಕಂಠಪ್ಪ ಯಂತ್ರ ಬಿಸಾಕಿ ಓಡಿಬಂದು, ಗುಟ್ಕಾ ಚೀಟಿ ಎಂದು ಬಿಟ್ಟುಹೋಗಿದ್ದ ಜಾಗವನ್ನೇ ಬರಿಗೈಯಲ್ಲಿ ಬಗೆದ. ಕರಡಿಗೆ ಮೇಲುಮಣ್ಣಿನಲ್ಲೇ ಇತ್ತು.

ಚೇತರಿಸಿಕೊಂಡು, ಮನೆಯಲ್ಲಿ ಪೂಜೆ ಮುಗಿಸಿ ನೀರು ಕುಡಿದ ಮಂಗಳಮ್ಮ, ಹೊಸ್ತಿಲ ಹೊರಗೆ ನಿಂತಿದ್ದವನನ್ನು ಕರೆದರು. “ಬಾರಪ್ಪ ಕಂಠಪ್ಪ, ನನ್ ಜೊತೇಲೇ ಕೂತ್ಕೊಂಡು ಉಣ್ಣು. ನನ್ ಜೀವ ಉಳಿಸ್ದೆ.”

ಒಳಗೆ ಬಿಸಿ ಮುದ್ದೆ ಬಡಿಸಿತ್ತು.

“ನಾನು ಉಂಡ್ಕೊಂಡೇ ಬಂದಿವ್ನಿ ಕಣವ್ವ,” ಎಂದ. ಬೆಳಗಿನಿಂದ ಅವನೂ ಏನೂ ತಿಂದಿರಲಿಲ್ಲ. ಅವರ ಮುಖ ನೋಡದೆ ಮೆಟ್ಟಿಲಿಳಿದು ಮನೆಗೆ ಹೋದ.