ಪವಿತ್ರ ರಾಗಿ

೨೦೨೩ನೆಯ ಇಸವಿ, ನನಗಾಗ ಐವತ್ತೆರಡು ವರ್ಷ. ಕನ್ನಡ ಮೇಷ್ಟರ ಕೆಲಸದಿಂದ ಸ್ವಯಂನಿವೃತ್ತಿ ಪಡೆದು ಶ್ರೀನಿವಾಸಪುರದ ಬಳಿಯ ನಮ್ಮೂರಿಗೆ ಮರಳಿದ್ದೆ. ಪವಿತ್ರತೆಯು ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮಾತ್ರ ಮೀಸಲಲ್ಲವೆಂದು ಸಂಸಾರಿಗಳಿಗೆ ತಿಳಿಸುವ ಒಂದು ವಾಕ್ಯವನ್ನು, ನಮ್ಮ ಮನೆಯೆದುರಿನ ಚರ್ಚಿನ ಗೋಡೆಗಾಗಿ, ಗುರುಗಳು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಆರಂಭದಲ್ಲಿ ಕೇಳಿದರು. ‘ದಿನನಿತ್ಯದ ಬದುಕಿನಲ್ಲಿ ಪವಿತ್ರರಾಗಿ’ ಎಂದು ಬರೆದುಕೊಟ್ಟೆ. ಪೇಂಟರಿಗೆ ಜಾಗ ಸಾಲದೆ ‘ಪವಿತ್ರ’ ಮೇಲಿನ ಸಾಲಿನಲ್ಲಿ ಉಳಿದು, ‘ರಾಗಿ’ ಕೆಳಗಿನ ಸಾಲಿಗೆ ಇಳಿಯಿತು.

ಅದೇ ವಾರ ಪಕ್ಕದ ಮನೆಯ ರೈತ ಹೆಂಗಸು, ಗೋಡೆಯ ಬರಹ ನನ್ನದೆಂದು ತಿಳಿದು, ಪಾತ್ರೆ ಹಿಡಿದು ಬಂದಳು. ಹಾಸಿಗೆ ಹಿಡಿದಿದ್ದ ಅವಳ ಅತ್ತೆ ಊಟ ಬಿಟ್ಟಿದ್ದರು. ಚರ್ಚಿನಲ್ಲಿ ಪವಿತ್ರ ರಾಗಿ ಕೊಡುತ್ತಾರಂತೆ, ಅದಾದರೆ ಕುಡಿಯುತ್ತೇನೆ ಎಂದಿದ್ದರಂತೆ.

ಅದು ಧಾನ್ಯವಲ್ಲ, ‘ಪವಿತ್ರರು’ ಮತ್ತು ‘ಆಗಿ’ ಕೂಡಿದ ಲೋಪಸಂಧಿ ಎಂದು ವಿವರಿಸತೊಡಗಿದೆ.

“ಅದೆಲ್ಲ ಇರ್ಲಿ ಮೇಷ್ಟ್ರೇ, ರಾಗಿ ಇದ್ಯೋ ಇಲ್ವೋ?”

ಇಲ್ಲವೆಂದರೆ ಮುದುಕಿಗೆ ಉಪವಾಸ. ಇದೆಯೆಂದರೆ ಬರೀ ಹಿಟ್ಟಿಗೆ ದೇವರ ಹೆಸರಿಟ್ಟು ಸುಳ್ಳಾಡಿದಂತೆ.

ಒಳಗಿನಿಂದ ಕೇಳಿಸಿಕೊಂಡ ನನ್ನ ಹೆಂಡತಿ ಒಲೆ ಹಚ್ಚಿದಳು. ಜಪಸರದ ಪ್ರಾರ್ಥನೆಗಳನ್ನು ಗುನುಗುತ್ತ ಅಂಬಲಿ ಕಾಯಿಸಿ ಅವಳೊಡನೆ ಹೊರಟಳು. ನಾನೂ ಹಿಂಬಾಲಿಸಿದೆ.

“ಇದು ನಮ್ಮನೇ ರಾಗಿ ಕಣಜ್ಜಿ,” ಎಂದಳು ಹೆಂಡತಿ. “ಗುರುಗಳು ಮುಟ್ಟಿಲ್ಲ, ಮಂತ್ರ ಹಾಕಿಲ್ಲ. ನಿಮ್ ಹೆಸರು ಹೇಳಿ ಬೇಡ್ಕೊಂತಾ ತಿರುವಿದೀನಿ, ಅಷ್ಟೇ.”

ಮುದುಕಿ ಅವಳ ಮುಖವನ್ನೇ ನೋಡಿದರು. “ಅದಿ ಚಾಲಮ್ಮಾ,” ಅಷ್ಟು ಸಾಕೆಂದು ತೆಲುಗಿನಲ್ಲಿ ಹೇಳಿ, ಬಾಯಿ ತೆರೆದರು.

ಅಂದಿನಿಂದ ಅಂಬಲಿ ದಿನವೂ ಹೋಯಿತು. ಎಲ್ಲ ತಿಳಿದ ಮೇಲೂ ಆ ಮನೆಯಲ್ಲಿ ಅದಕ್ಕೆ ಪವಿತ್ರ ರಾಗಿ ಎಂದೇ ಹೆಸರು. ಹಾಗೆ ಕರೆಯಲು ಬಿಡಬಹುದೇ ಎಂದು ಹೆಂಡತಿಯನ್ನು ಕೇಳಿದೆ.

“ಅಂಬಲಿ ಆರೋಗುತ್ತೆ, ದಾರಿ ಬಿಡಿ.”

ನನ್ನ ಗೊಂದಲ ಗೋಡೆಯತ್ತ ತಿರುಗಿತು. ‘ಆಗಿ’ ವಿಧ್ಯರ್ಥವಾದರೆ ಅದು ಅಪ್ಪಣೆ. ವಾಕ್ಯ ಅಲ್ಲಿಗೆ ಮುಗಿಯಿತು, ಪೂರ್ಣವಿರಾಮ ಬೇಕು. ಕೃದಂತಾವ್ಯಯವಾದರೆ, ಪವಿತ್ರರಾಗಿ ಏನು ಮಾಡಬೇಕೆಂದು ಹೇಳುವ ಕ್ರಿಯಾಪದವೇ ಇನ್ನೂ ಬಂದಿಲ್ಲ. ಬರೆದುಕೊಟ್ಟವನು ನಾನೇ, ಆದರೂ ಯಾವುದನ್ನು ಉದ್ದೇಶಿಸಿದ್ದೆನೆಂದು ನನಗೇ ಹೇಳಲಾಗಲಿಲ್ಲ.

ಪದವನ್ನು ಕೂಡಿಸಿ ಬರೆಯಲೆಂದು ಗುರುಗಳು ಪೇಂಟರನ್ನು ಮತ್ತೆ ಕರೆಸಿದರು. ಬರೆದು ಮುಗಿಸಿದವನು ಕುಂಚ ಎತ್ತಿಹಿಡಿದು ನನ್ನತ್ತ ತಿರುಗಿದ.

“ಕೊನೇಲಿ ಚುಕ್ಕಿ ಇಡ್ಲಾ ಸಾರ್?”

ಹೆಂಡತಿ ಬಿಸಿ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಪಕ್ಕದ ಮನೆಯ ಮೆಟ್ಟಿಲೇರುತ್ತಿದ್ದಳು. ಬೇಡವೆಂದೆ. ಅಂದು ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ದಿನ, ಶನಿವಾರ, ೨೦೨೩ರ ಏಪ್ರಿಲ್ ೧.